ದಾವಣಗೆರೆಯ ಬ್ಯಾಂಡ್ ಸೆಟ್‌ನಲ್ಲಿ ಸ್ಯಾಕ್ಸೋಫೋನ್ ನುಡಿಸುವ ಹುಡುಗ ಜಾಝ್ ಕಲಿತು ಸ್ಟುಡಿಯೋ ವಾದಕನಾಗಬಹುದೇ?

ನಿಮ್ಮ ತಮ್ಮ ಮದುವೆ ಮೆರವಣಿಗೆಗಳಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಾನೆ, ಜಾಝ್ ಕಲಿತು ಸ್ಟುಡಿಯೋಗಳಲ್ಲಿ ದುಡಿಯುವ ಹಂಬಲ ಅವನಿಗಿದೆ, ಮನೆಯವರಿಗೆ ಭಯ ಎಂದು ಬರೆದಿದ್ದೀರಿ. ನಾನೂ ಮಂಡಿಪೇಟೆಯ ಮೆರವಣಿಗೆಗಳಲ್ಲಿ ಊದಿಯೇ ಬೆಂಗಳೂರಿನ ಸ್ಟುಡಿಯೋಗಳಿಗೆ ಹೋದವನು. ಖಂಡಿತ ಆಗಬಹುದು. ಅವನಿಗೆ ಈಗ ಬೇಕಿರುವುದು ದುಬಾರಿ ವಾದ್ಯವಲ್ಲ, ನೊಟೇಶನ್, ಅಂದರೆ ಹಾಳೆಯ ಮೇಲೆ ಬರೆದ ಸ್ವರಲಿಪಿ, ಓದುವ ಅಭ್ಯಾಸ.

ಬ್ಯಾಂಡಿನಲ್ಲಿ ಹಾಡು ಕಿವಿಗೆ ಬಿದ್ದರೆ ಸಾಕು, ಬೆರಳಿಗೆ ಬಂದುಬಿಡುತ್ತದೆ. ಆ ಕಿವಿ ದೊಡ್ಡ ಆಸ್ತಿ. ಆದರೆ ಸ್ಟುಡಿಯೋದಲ್ಲಿ ಕೈಗೆ ಹಾಳೆ ಕೊಟ್ಟು, ಒಂದೆರಡು ಸಲ ನೋಡಿಕೊಳ್ಳಲು ಬಿಟ್ಟು ರೆಕಾರ್ಡಿಂಗ್ ಶುರು ಮಾಡುತ್ತಾರೆ. ಅದರ ಜೊತೆಗೆ ನಮ್ಮ ವಾದ್ಯದ್ದೇ ಒಂದು ತೊಡಕು: ಕೀಬೋರ್ಡಿನವರು ‘ಸಿ’ ಸ್ವರ ಎಂದರೆ ಆಲ್ಟೋದಲ್ಲಿ ‘ಎ’ ಹಿಡಿಯಬೇಕು, ಅದಕ್ಕಿಂತ ದೊಡ್ಡದಾದ ಟೆನರ್ ಸ್ಯಾಕ್ಸೋಫೋನಿನಲ್ಲಿ ‘ಡಿ’. ಲೆಕ್ಕ ಹಾಕುತ್ತಾ ಕುಳಿತರೆ ಹಾಡು ಮುಂದೆ ಹೋಗಿರುತ್ತದೆ. ಅದಕ್ಕೇ ಅವನಿಗೆ ಚೆನ್ನಾಗಿ ಬರುವ ಒಂದು ಪಲ್ಲವಿಯನ್ನು ಹನ್ನೆರಡು ಶ್ರುತಿಗಳಲ್ಲೂ ನುಡಿಸಲಿ. ಜಾಝ್‌ನ ಮನೋಧರ್ಮಕ್ಕೂ, ಅಂದರೆ ಸ್ಥಳದಲ್ಲೇ ಸ್ವರ ಕಟ್ಟಿ ನುಡಿಸುವುದಕ್ಕೂ, ಇದೇ ಅಡಿಪಾಯ. ಅಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾದ ಹಾಗೆಲ್ಲ ಸ್ವರಗಳ ಆಯ್ಕೆಯೂ ಬದಲಾಗಬೇಕು.

ಇನ್ನೊಬ್ಬರ ಹಾಡಿಗೆ ನುಡಿಸುವುದು ಕಲಾವಿದನಿಗೆ ಕಡಿಮೆ ಎನ್ನುವವರ ಮಾತು ಕೇಳಬೇಡಿ. ಅಮೆರಿಕದ ಅಪ್ಪಟ ಜಾಝ್ ವಾದಕ ಫಿಲ್ ವುಡ್ಸ್ ಅವರ ಆಲ್ಟೋ ನಾದ ಕೋಟ್ಯಂತರ ಜನರಿಗೆ ತಲುಪಿದ್ದು ಪಾಪ್ ಗಾಯಕ ಬಿಲ್ಲಿ ಜೋಯಲ್ ಅವರ 1977ರ ಹಾಡೊಂದರಿಂದ. ಆರ್.ಡಿ. ಬರ್ಮನ್ ಅವರ ತಂಡದ ಮನೋಹಾರಿ ಸಿಂಗ್ ಅವರ ಸ್ಯಾಕ್ಸೋಫೋನ್ ಕೇಳದ ಹಿಂದಿ ಚಿತ್ರಗೀತೆ ಪ್ರೇಮಿಯೇ ಇಲ್ಲ. ಬ್ಯಾಂಡಿನ ವಾದ್ಯವೆಂದು ಮೂಗು ಮುರಿಯುವವರಿಗೆ ಕದ್ರಿ ಗೋಪಾಲನಾಥರ ಹೆಸರು ಹೇಳಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತ ಆ ವಾದ್ಯದಲ್ಲಿ ಅವರು ಕರ್ನಾಟಕ ಸಂಗೀತದ ಗಮಕಗಳನ್ನೇ ನುಡಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಅವರೊಂದಿಗೆ ವೇದಿಕೆ ಹಂಚಿಕೊಂಡರು.

ಸಂಪಾದನೆಯ ವಿಷಯದಲ್ಲಿ ಮನೆಯವರ ಭಯ ನ್ಯಾಯವಾದದ್ದೇ. ಸ್ಟುಡಿಯೋದಲ್ಲಿ ಸಂಬಳವಿಲ್ಲ, ಕರೆದ ದಿನದ ದುಡ್ಡು ಮಾತ್ರ. ಗುಂಪಾಗಿ ಊದುವ ಭಾಗಗಳನ್ನು ಈಗ ಹೆಚ್ಚಾಗಿ ಕೀಬೋರ್ಡಿನಲ್ಲೇ ಮುಗಿಸುತ್ತಾರೆ. ಉಳಿದಿರುವುದು ಒಂಟಿ ವಾದ್ಯದ ಕೆಲಸ, ಉಸಿರಿನ ಏರಿಳಿತ ಕೇಳಿಸಲೇಬೇಕಾದ ಕಡೆ. ಹಾಗಾಗಿ ಅವನು ಕ್ಲಾರಿನೆಟ್ಟನ್ನೋ ಕೊಳಲನ್ನೋ ಕೂಡ ಕಲಿಯಲಿ. ಎರಡು ವಾದ್ಯ ಬಲ್ಲವನಿಗೆ ಕರೆಯೂ ಹೆಚ್ಚು.

ಒಂದು ಚಿಕ್ಕ ಮಾತು: ನಮ್ಮೂರಿನ ಬೇಸಿಗೆಗೆ ರೀಡ್ (ಊದುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿ) ಒಣಗಿ ತುದಿ ಅಲೆಅಲೆಯಾಗುತ್ತದೆ, ಊದಿದರೆ ಕೀರಲು ಸದ್ದು. ನುಡಿಸುವ ಮುನ್ನ ಬಾಯಲ್ಲಿ ಚೆನ್ನಾಗಿ ನೆನೆಸಿ, ಗಾಜಿನ ಮೇಲೆ ಚಪ್ಪಟೆಯಾಗಿ ಒತ್ತಿಟ್ಟರೆ ಸರಿಹೋಗುತ್ತದೆ. ಮೂರ್ನಾಲ್ಕು ರೀಡ್‌ಗಳನ್ನು ಸರದಿಯಲ್ಲಿ ಬಳಸಲಿ.

ಬ್ಯಾಂಡ್ ಮಾತ್ರ ಬಿಡಿಸಬೇಡಿ. ಮದುವೆಯ ದುಡ್ಡೇ ಮೊದಲ ವರ್ಷಗಳನ್ನು ಸಾಗಿಸುತ್ತದೆ. ಆಷಾಢದಲ್ಲಿ ಹೇಗೂ ಮದುವೆಗಳಿರುವುದಿಲ್ಲ. ಆ ತಿಂಗಳು ಅವನನ್ನು ಬೆಂಗಳೂರಿನಲ್ಲಿ ನೊಟೇಶನ್ ಕಲಿಸುವ ಒಬ್ಬ ಗುರುವಿನ ಬಳಿಗೆ ಕಳುಹಿಸಿ.