ಪ್ಲೇಟನ್ನೇ ಅಳತೆಗೋಲು ಮಾಡಿಕೊಳ್ಳಿ

ಪ್ರಶ್ನೆ: 18 ಮಿ.ಮೀ. ಪ್ಲೈವುಡ್ಡಿನ ಎರಡು ಹಾಳೆಗಳನ್ನು ಅಂಟಿಸಿ, ಮರಗೆಲಸಕ್ಕೆಂದು ನಾನೇ ಒಂದು ಮೇಜು ಮಾಡಿಕೊಂಡಿದ್ದೇನೆ. ಅದರಲ್ಲಿ ರೂಟರನ್ನು (ಬಿಟ್ ಎಂಬ ತಿರುಗುವ ಅಲಗಿನಿಂದ ಮರ ಕೊರೆಯುವ ಯಂತ್ರವನ್ನು) ತಲೆಕೆಳಗಾಗಿ ಕೂರಿಸಲು 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್ ತಂದಿಟ್ಟಿದ್ದೇನೆ. ಗಾತ್ರ 235 × 298 ಮಿ.ಮೀ.; ಮೂಲೆಗಳು ದುಂಡಗಿವೆ. ಒಂದು ತುಂಡು ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿ, ಗೆರೆ ಹಿಡಿದು ಕೊರೆದು ನೋಡಿದೆ. ಒಂದು ಬದಿಯಲ್ಲಿ 2 ಮಿ.ಮೀ. ಸಂದಿ ಬಿಟ್ಟಿದೆ, ಇನ್ನೊಂದು ಬದಿಯಲ್ಲಿ ಪ್ಲೇಟ್ ಇಳಿಯುವುದೇ ಇಲ್ಲ. ಮೇಜಿಗೆ ಬಿಟ್ ಮುಟ್ಟಿಸಲು ಧೈರ್ಯ ಬರುತ್ತಿಲ್ಲ. ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ: ಮೇಜಿಗೆ ಕೈಹಾಕುವ ಮೊದಲು ತುಂಡು ಹಲಗೆಯ ಮೇಲೆ ಪ್ರಯೋಗ ಮಾಡಿದಿರಲ್ಲ, ಅರ್ಧ ಕೆಲಸ ಅಲ್ಲಿಯೇ ಗೆದ್ದಿದ್ದೀರಿ. ಎಡವಿದ್ದು ಪೆನ್ಸಿಲ್ ಗೆರೆಯಲ್ಲಿ. ಗೆರೆಗೇ ಅರ್ಧ ಮಿ.ಮೀ.ನಷ್ಟು ದಪ್ಪವಿರುತ್ತದೆ. ಬಿಟ್ ಅದರ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬುದು ಕಣ್ಣಿಗೆ ಬೀಳುವ ಹೊತ್ತಿಗೆ ಮರ ಹೋಗಿರುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಟೇಪು, ಪೆನ್ಸಿಲುಗಳನ್ನು ಆದಷ್ಟು ದೂರವಿಡಿ. ಕೂರಬೇಕಾದ ಪ್ಲೇಟ್ ಕೈಯಲ್ಲೇ ಇರುವಾಗ ಅಗಲ, ಉದ್ದ, ಆಳ ಮೂರನ್ನೂ ಅದರಿಂದಲೇ ತೆಗೆದುಕೊಳ್ಳಬಹುದು.

ಮೊದಲು ಜಾಗ ನೋಡಿಕೊಳ್ಳಿ. ಮೇಜಿನ ನಟ್ಟನಡುವೆ ಬೇಡ. ಅಲ್ಲಿ ನೀವು ಉಳಿ ಹೊಡೆಯುತ್ತೀರಿ, ಜೋಡಣೆ ಮಾಡುತ್ತೀರಿ. ಒಂದು ತುದಿಯ ಹತ್ತಿರ, ಮುಂದಿನ ಅಂಚಿನಿಂದ ಕನಿಷ್ಠ 75–100 ಮಿ.ಮೀ. ಗಟ್ಟಿ ಮರ ಉಳಿಯುವಂತೆ ಪ್ಲೇಟನ್ನು ಇಟ್ಟು ನೋಡಿ. ನಂತರ ಮೇಜಿನ ಕೆಳಗೆ ಬಗ್ಗಿ ನೋಡಿ: ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿ, ಡ್ರಾಯರ್, ವೈಸಿನ ಸ್ಕ್ರೂ ಇವು ರೂಟರಿನ ದಾರಿಗೆ ಅಡ್ಡ ಬರುತ್ತವೆಯೇ? ರೂಟರನ್ನು ಪ್ಲೇಟಿನ ಸಮೇತ ಮೇಲಕ್ಕೆತ್ತಿ ಬಿಟ್ ಬದಲಿಸುವುದೇ ಸುಖ, ಹಾಗಾಗಿ ಹಿಡಿಕೆಗಳ ಅಗಲವನ್ನೂ ಗಮನಿಸಿ. ಪ್ಲೇಟ್ ಕೂರಲು ಸುತ್ತ 15 ಮಿ.ಮೀ. ಆಸರೆ ಅಂಚು ಬಿಟ್ಟರೆ ನಿಮ್ಮ ಪ್ಲೇಟಿನ ಕೆಳಗೆ ಉಳಿಯುವ ಬಾಯಿ 205 × 268 ಮಿ.ಮೀ. ಮಾತ್ರ.

ಈಗ ಚೌಕಟ್ಟು. 18 ಮಿ.ಮೀ. ದಪ್ಪದ, ಅಂಚು ನೇರವಾಗಿರುವ ನಾಲ್ಕು ಪಟ್ಟಿಗಳು ಬೇಕು. ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಯಾವುದಾದರೂ ಸರಿ. ಅವುಗಳ ಉದ್ದ ಹೆಚ್ಚು ಕಡಿಮೆ ಇದ್ದರೂ ಪರವಾಗಿಲ್ಲ. ಪ್ಲೇಟನ್ನು ಮೇಜಿನ ಮೇಲೆ ಎರಡು ಬದಿಯ ಅಂಟುಪಟ್ಟಿಯಿಂದ ಹಿಡಿಸಿ, ಅದರ ನಾಲ್ಕೂ ಬದಿಗೆ ಈ ಪಟ್ಟಿಗಳನ್ನು ಒತ್ತಿ ಇಡಿ. ಪ್ರತಿಯೊಂದು ಪಟ್ಟಿಯ ತುದಿ ಪಕ್ಕದ ಪಟ್ಟಿಯ ಬದಿಗೆ ತಾಗಲಿ, ಇನ್ನೊಂದು ತುದಿ ಹೊರಕ್ಕೆ ಚಾಚಿಕೊಂಡಿರಲಿ. ಹೀಗಿಟ್ಟರೆ ಯಾವ ಪಟ್ಟಿಯನ್ನೂ ಅಳೆದು ಕತ್ತರಿಸಬೇಕಾಗಿಲ್ಲ. ಪ್ಲೇಟಿಗೂ ಪಟ್ಟಿಗೂ ನಡುವೆ ಎರಡು ಬದಿಗಳಲ್ಲಿ ಮಾತ್ರ, ಅಂದರೆ ಉದ್ದದ ಒಂದು ಬದಿ ಮತ್ತು ಅಗಲದ ಒಂದು ಬದಿಯಲ್ಲಿ, ಬರೆಯುವ ಕಾಗದದ ಎರಡು ಹಾಳೆ ಸೇರಿಸಿ. ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಪ್ಲೇಟ್ ಬಿಗಿದುಕೊಳ್ಳದೆ ಎತ್ತಲು ಬರುವಷ್ಟು ಸಡಿಲ ಇದರಿಂದಲೇ ಸಿಗುತ್ತದೆ. ಪಟ್ಟಿಗಳನ್ನು ಸ್ಕ್ರೂ ಅಥವಾ ಕ್ಲಾಂಪಿನಿಂದ ಭದ್ರಪಡಿಸಿ, ಪ್ಲೇಟನ್ನು ಎತ್ತಿ ತೆಗೆಯಿರಿ. ಒಳಗೆ ಉಳಿದ ಚೌಕವೇ ನಿಮ್ಮ ಅಚ್ಚು.

ಬಿಟ್ ಆಯ್ಕೆಯಲ್ಲಿ ಹೆಚ್ಚಿನವರು ಸೋಲುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ನಿಮಗೆ ಬೇಕಾದದ್ದು ಬೇರಿಂಗ್ ಮೇಲ್ಗಡೆ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ದಂಡದ ಕಡೆ ಇರುವ ನೇರ ಬಿಟ್. ಬೇರಿಂಗ್ ಅಚ್ಚಿನ ಅಂಚಿಗೆ ಒರಗಿಕೊಂಡು ಓಡುತ್ತದೆ, ಅಲಗು ಅದರ ಕೆಳಗೆ ಅಷ್ಟೇ ಅಗಲಕ್ಕೆ ಮರ ಕೊರೆಯುತ್ತದೆ. ವ್ಯಾಸ ಎಷ್ಟಿರಬೇಕೆಂದು ಪ್ಲೇಟಿನ ಮೂಲೆ ಹೇಳುತ್ತದೆ. 19 ಮಿ.ಮೀ. ಬಿಟ್ 9.5 ಮಿ.ಮೀ. ತ್ರಿಜ್ಯದ ಮೂಲೆ ಬಿಡುತ್ತದೆ. ಪ್ಲೇಟಿನ ಮೂಲೆಯ ದುಂಡು ಅದಕ್ಕಿಂತ ಚಿಕ್ಕದಿದ್ದರೆ ಪ್ಲೇಟ್ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡದಿದ್ದರೆ ಮೂಲೆಯಲ್ಲಿ ಸಣ್ಣ ಸಂದಿ ಕಾಣುತ್ತದೆ, ಕೆಲಸಕ್ಕೆ ತೊಂದರೆಯಿಲ್ಲ.

ಅಲಗಿನ ಉದ್ದವೂ ಅಷ್ಟೇ ಮುಖ್ಯ. 25 ಮಿ.ಮೀ. ಉದ್ದದ ಅಲಗನ್ನು ಹಾಕಿಕೊಂಡು 12 ಮಿ.ಮೀ. ದಪ್ಪದ ಪಟ್ಟಿಯ ಮೇಲೆ ಕೊರೆಯಲು ಹೊರಟರೆ ಏನಾಗುತ್ತದೆ? ಪಟ್ಟಿ 12, ಆಳ 6, ಒಟ್ಟು 18 ಮಿ.ಮೀ. ಅಲಗು 25 ಇರುವುದರಿಂದ ಬೇರಿಂಗ್ ಪಟ್ಟಿಗಿಂತ ಮೇಲೆಯೇ ಉಳಿದು, ಅಲಗು ನಿಮ್ಮ ಅಚ್ಚನ್ನೇ ತಿನ್ನುತ್ತದೆ. 18 ಮಿ.ಮೀ. ಪಟ್ಟಿ, 12 ಮಿ.ಮೀ. ಅಲಗು ಇದ್ದರೆ ಮೊದಲ ಸುತ್ತಿನಲ್ಲಿ 3 ಮಿ.ಮೀ. ಮಾತ್ರ ಇಳಿಸಿದರೂ ಬೇರಿಂಗ್ ಪಟ್ಟಿಯ ಮೇಲೆಯೇ ಇರುತ್ತದೆ. ಯಂತ್ರ ಚಾಲೂ ಮಾಡುವ ಮೊದಲು ಬಿಟ್ಟನ್ನು ಕೈಯಿಂದ ತಿರುಗಿಸಿ, ಬೇರಿಂಗ್ ಪಟ್ಟಿಗೆ ತಾಗುತ್ತಿರುವುದನ್ನು ಕಣ್ಣಾರೆ ಕಂಡುಕೊಳ್ಳಿ.

ಆಳಕ್ಕೂ ಪ್ಲೇಟೇ ಅಳತೆ. ಪ್ಲಗ್ ತೆಗೆದಿರುವ ರೂಟರನ್ನು ಅಚ್ಚಿನ ಮೇಲಿಟ್ಟು, ಬಿಟ್ ಮೇಜಿನ ಮೇಲ್ಮೈಗೆ ತಾಗುವವರೆಗೆ ಇಳಿಸಿ ಬಿಗಿ ಮಾಡಿ. ಈಗ ಆಳ ನಿಲ್ಲಿಸುವ ಕಡ್ಡಿಗೂ ಅದರ ಕೆಳಗಿನ ತಡೆಗೂ ನಡುವೆ ಪ್ಲೇಟಿನ ಅಂಚನ್ನು ತೂರಿಸಿ, ಕಡ್ಡಿ ಅದಕ್ಕೆ ತಾಗುವಂತೆ ಬಿಗಿಯಿರಿ. ಪ್ಲೇಟ್ ತೆಗೆದರೆ ಉಳಿದ ಅಂತರ ಅದರ ದಪ್ಪದಷ್ಟೇ. ಅದರ ಜೊತೆಗೆ ದಪ್ಪ ಕಾರ್ಡಿನ ಎರಡು ತುಂಡು ಸೇರಿಸಿ ಹಿಡಿದರೆ ಅರ್ಧ ಮಿ.ಮೀ. ಹೆಚ್ಚು ಆಳ ಸಿಗುತ್ತದೆ. ಆ ಅರ್ಧ ಮಿ.ಮೀ. ಬೇಕೇ ಬೇಕು, ಏಕೆಂದು ಮುಂದೆ ಹೇಳುತ್ತೇನೆ.

ಕೊರೆಯುವಾಗ ನಡುವೆ ಉಳಿಯುವ ಮರದ ದಿಬ್ಬದ ಮೇಲೆ 18 ಮಿ.ಮೀ. ದಪ್ಪದ್ದೇ ಒಂದು ತುಂಡನ್ನು ಅಂಟುಪಟ್ಟಿಯಿಂದ ಹಿಡಿಸಿ. ಇಲ್ಲದಿದ್ದರೆ ರೂಟರಿನ ತಳದ ಒಂದು ಭಾಗ ಗಾಳಿಯಲ್ಲಿ ತೂಗಿ, ಒಂದು ಕ್ಷಣ ಕೈ ಸಡಿಲವಾದರೂ ಯಂತ್ರ ಒಳಕ್ಕೆ ವಾಲಿ ಅಂಚಿನಲ್ಲಿ ಹಳ್ಳ ಬೀಳುತ್ತದೆ. ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒಳ ಅಂಚಿನ ಸುತ್ತ ಹೋಗಿ. 3 ಮಿ.ಮೀ. ಒಂದು ಸುತ್ತು, ಉಳಿದದ್ದು ಇನ್ನೊಂದು ಸುತ್ತು. ಸುತ್ತ 19 ಮಿ.ಮೀ. ಅಗಲದ ಕಾಲುವೆ ಬೀಳುತ್ತದೆ. ಆಮೇಲೆ ಅದರ ಗೋಡೆಯಿಂದ 15 ಮಿ.ಮೀ. ಒಳಗೆ ಗೆರೆ ಹಾಕಿ, ಮೂಲೆಗಳಲ್ಲಿ ತೂತು ಕೊರೆದು, ಜಿಗ್‌ಸಾದಿಂದ (ಕಿರಿದಾದ ಅಲಗಿನ ವಿದ್ಯುತ್ ಗರಗಸದಿಂದ) ನಡುವಿನ ತುಂಡನ್ನು ಕತ್ತರಿಸಿ. ಇಲ್ಲಿ ಪೆನ್ಸಿಲ್ ಗೆರೆ ಸಾಕು, ಒಂದು ಮಿ.ಮೀ. ಆಚೀಚೆಯಾದರೂ ನಡೆಯುತ್ತದೆ. ಕೊನೆಯ ಬದಿಗೆ ಬರುವ ಮೊದಲು ತುಂಡಿಗೆ ಕೆಳಗಿನಿಂದ ಆಸರೆ ಕೊಡಿ. ಭಾರಕ್ಕೆ ಅದು ಮುರಿದು ಬಿದ್ದರೆ ಆಸರೆ ಅಂಚಿನಿಂದಲೂ ಒಂದು ಸಿಬಿರು ಕಿತ್ತುಕೊಂಡು ಹೋಗುತ್ತದೆ. ಮೊದಲು ಬಾಯಿ ತೆರೆದು ಆಮೇಲೆ ಅಂಚು ಕೊರೆಯೋಣ ಎಂದು ಮಾತ್ರ ಹೊರಡಬೇಡಿ. ನನ್ನ ಮೊದಲ ಮೇಜಿನಲ್ಲಿ ನಾನು ಮಾಡಿದ್ದು ಅದನ್ನೇ. ರೂಟರನ್ನು ಊರಲು ನಡುವೆ ಏನೂ ಉಳಿಯದೆ ಒಂದು ಮೂಲೆ ಹಾಳಾಯಿತು.

ಇಷ್ಟನ್ನೂ ಒಮ್ಮೆ ತುಂಡು ಹಲಗೆಯ ಮೇಲೆ ಮಾಡಿ. ಪ್ರಯೋಗದಲ್ಲಿ ಬಾಯಿ ತೆರೆಯುವ ಅಗತ್ಯವಿಲ್ಲ. ಆದರೆ ನಡುವಿನ ದಿಬ್ಬವನ್ನೂ ಅಷ್ಟೇ ಆಳಕ್ಕೆ ಕೊರೆದು ತೆಗೆದು, ಅಲ್ಲಿ ಒಂದು ಬೆರಳು ತೂರುವಷ್ಟು ತೂತು ಮಾಡಿ. ಸರಿಯಾಗಿ ಕೂತ ಪ್ಲೇಟನ್ನು ಉಗುರಿನಿಂದ ಎತ್ತಲು ಬರುವುದಿಲ್ಲ, ಕೆಳಗಿನಿಂದ ತಳ್ಳಬೇಕಾಗುತ್ತದೆ.

ಇನ್ನು ಆ ಅರ್ಧ ಮಿ.ಮೀ. ವಿಷಯ. ಆಸರೆ ಅಂಚನ್ನು ಎಷ್ಟೇ ಜಾಗ್ರತೆಯಿಂದ ಕೊರೆದರೂ ನಾಲ್ಕೂ ಮೂಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದು ಕಷ್ಟ. ಆದ್ದರಿಂದ ಸ್ವಲ್ಪ ಆಳವಾಗಿಯೇ ಕೊರೆದು, ಮೂಲೆಗೊಂದು ಸ್ಕ್ರೂವಿನಿಂದ ಪ್ಲೇಟನ್ನು ಮೇಲಕ್ಕೆತ್ತುತ್ತೇವೆ. ನಿಮ್ಮ ಪ್ಲೇಟಿನಲ್ಲಿ ಇದಕ್ಕೆ ತಲೆಯಿಲ್ಲದ ಸ್ಕ್ರೂಗಳಿದ್ದರೆ ಒಳ್ಳೆಯದು. ಅವುಗಳ ತುದಿ ಪ್ಲೈವುಡ್ಡಿಗೆ ಹೂತುಕೊಳ್ಳದಂತೆ, ತಾಗುವ ಜಾಗದಲ್ಲಿ ಚಪ್ಪಟೆ ತಲೆಯ ಮರದ ಸ್ಕ್ರೂ ಒಂದನ್ನು ಅಂಚಿನ ಮಟ್ಟಕ್ಕೆ ಹುಗಿದು ಹಾಕಿ. ಲೋಹದ ಮೇಲೆ ಲೋಹ ಕೂರಲಿ. ಪ್ಲೇಟಿನಲ್ಲಿ ಸ್ಕ್ರೂ ಇಲ್ಲದಿದ್ದರೆ ಆಸರೆ ಅಂಚಿನಲ್ಲೇ ಮೂಲೆಗೆ ಒಂದರಂತೆ, ಉದ್ದದ ಬದಿಗಳ ನಡುವೆ ಒಂದೊಂದರಂತೆ ಆರು ಚಪ್ಪಟೆ ತಲೆಯ ಸ್ಕ್ರೂ ಹಾಕಿ, ಅವುಗಳ ತಲೆಯ ಮೇಲೆ ಪ್ಲೇಟ್ ಕೂರಿಸಿ. ಕಾಲು ಸುತ್ತು ತಿರುಗಿಸಿದರೂ ಎತ್ತರ ಬದಲಾಗುತ್ತದೆ.

ಪರೀಕ್ಷೆಗೆ ಉದ್ದನೆಯ ನೇರ ಪಟ್ಟಿಯನ್ನು ಎರಡೂ ಕಡೆಯ ಮೇಜನ್ನು ತಾಗುವಂತೆ ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಆಮೇಲೆ ಚೂಪಾದ ಅಂಚಿನ ಮರದ ತುಂಡೊಂದನ್ನು ಬಲದಿಂದ ಎಡಕ್ಕೆ ಮೆಲ್ಲಗೆ ಜಾರಿಸಿ. ಪ್ಲೇಟಿಗೆ ಹತ್ತುವಾಗ ಟಕ್ ಎಂದು ತಡೆದರೆ ಆ ಬದಿ ಎತ್ತರ. ಇಳಿಯುವಾಗ ತಡೆದರೆ ಎಡಬದಿ ತಗ್ಗು. ಕಣ್ಣಿಗೆ ಕಾಣದ ಈ ತಡೆಯಲ್ಲಿ ಮರ ಒಂದು ಕ್ಷಣ ನಿಂತರೂ ತಿರುಗುವ ಬಿಟ್ ಅಲ್ಲಿ ಸುಟ್ಟ ಕಲೆ ಬಿಡುತ್ತದೆ.

ಪ್ರಶ್ನೆ: ನನ್ನದು ಗಟ್ಟಿ ಮರದ ಹಲಗೆಗಳನ್ನು ಜೋಡಿಸಿ ಮಾಡಿದ ಮೇಜು. ಒಣ ಹವೆಯಲ್ಲಿ ಪ್ಲೇಟನ್ನು ಎತ್ತಲೇ ಆಗುವುದಿಲ್ಲ, ತೇವದ ದಿನಗಳಲ್ಲಿ ಅಲುಗಾಡುತ್ತದೆ. ಕೊರೆದದ್ದು ತಪ್ಪೇ?

ಉತ್ತರ: ಕೊರೆದದ್ದು ತಪ್ಪಿಲ್ಲ. ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಹಲಗೆ ಕುಗ್ಗಿದರೆ ಅದರಲ್ಲಿರುವ ಬಾಯಿಯೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಅಲ್ಯೂಮಿನಿಯಂ ತೇವಕ್ಕೆ ಅಲುಗುವುದಿಲ್ಲ. 235 ಮಿ.ಮೀ. ಅಗಲದ ಬಾಯಿಯಲ್ಲಿ ಒಣ ದಿನಗಳಿಗೂ ತೇವದ ದಿನಗಳಿಗೂ ಒಂದೆರಡು ಮಿ.ಮೀ. ವ್ಯತ್ಯಾಸ ಬರುವುದು ಸಹಜ. ಪ್ಲೇಟ್ ಬಿಗಿದುಕೊಂಡಿರುವ ದಿನಗಳಲ್ಲೇ ನಾರಿನ ಉದ್ದಕ್ಕೆ ಸಾಗುವ ಎರಡೂ ಗೋಡೆಗಳನ್ನು ಉಳಿಯಿಂದ ಅರ್ಧರ್ಧ ಮಿ.ಮೀ. ಕೆತ್ತಿ. ಮುಂದಿನ ಗೋಡೆಗೆ ಪ್ಲೇಟನ್ನು ಸದಾ ಒತ್ತಿ ಹಿಡಿಯುವಂತೆ ಹಿಂದಿನ ಸಂದಿಯಲ್ಲಿ ಸ್ಪ್ರಿಂಗಿನ ತುಂಡೊಂದನ್ನು ಇಟ್ಟರೆ ಅಲುಗಾಟ ನಿಲ್ಲುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ ಆ ಭಾಗವನ್ನು ಕತ್ತರಿಸಿ ತೆಗೆದು ಪ್ಲೈವುಡ್ಡಿನ ತುಂಡು ಕೂರಿಸಿ, ಪ್ಲೇಟಿನ ಜಾಗವನ್ನು ಅದರಲ್ಲಿ ಕೊರೆಯಬೇಕು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಪ್ರಶ್ನೆ: ಪ್ಲೇಟ್ ಮೂಲೆಗಳಲ್ಲಿ ಸರಿಯಾಗಿದೆ, ಆದರೆ ನಡುವೆ ತಗ್ಗಾಗಿದೆ. ರೂಟರ್ ಸುಮಾರು 6 ಕಿಲೋ ತೂಕವಿದೆ. ಬದಲಿಸಬೇಕೇ?

ಉತ್ತರ: ರೂಟರ್ ಬಿಚ್ಚಿ, ಪ್ಲೇಟನ್ನು ಮಾತ್ರ ಕೂರಿಸಿ ನೇರ ಪಟ್ಟಿ ಇಟ್ಟು ನೋಡಿ. ಆಗಲೂ ತಗ್ಗಿದ್ದರೆ ಪ್ಲೇಟ್ ಹುಟ್ಟಿನಿಂದಲೇ ಬಾಗಿದೆ, ಮರಳಿಸಿ. ರೂಟರ್ ಕಟ್ಟಿದಾಗ ಮಾತ್ರ ತಗ್ಗುವುದಾದರೆ ಉದ್ದದ ಬದಿಗಳ ನಡುವೆಯೂ ಆಸರೆ ಸ್ಕ್ರೂ ಇದೆಯೇ ನೋಡಿ. ಮೂಲೆಗಳಲ್ಲಿ ಮಾತ್ರ ನಿಂತ ಪ್ಲೇಟ್ ಬೇಗ ಬಾಗುತ್ತದೆ. ಕೆಲಸ ಮುಗಿದ ಮೇಲೆ ರೂಟರನ್ನು ಎತ್ತಿಡುವ ಅಭ್ಯಾಸವೂ ಒಳ್ಳೆಯದು, ವಿಶೇಷವಾಗಿ ಪ್ಲೇಟ್ ಅಕ್ರಿಲಿಕ್ಕಿನದಾದರೆ. ನಡುವೆ ಕಾಗದದ ದಪ್ಪದಷ್ಟು ಉಬ್ಬಿದ್ದರೆ ಚಿಂತೆಯಿಲ್ಲ, ಏಕೆಂದರೆ ಬಿಟ್ಟಿನ ಪಕ್ಕದಲ್ಲಿ ಮರ ಪ್ಲೇಟಿಗೆ ಒತ್ತಿಕೊಂಡೇ ಸಾಗುತ್ತದೆ. ತಗ್ಗಿದ್ದರೆ ಮರ ತಗ್ಗಿನ ಮೇಲೆ ಸೇತುವೆಯಂತೆ ನಿಂತು, ಕೊರೆದ ಆಳ ತುದಿಯಲ್ಲೊಂದು, ನಡುವೆ ಒಂದು ಆಗುತ್ತದೆ.

ಪ್ರಶ್ನೆ: ಪ್ಲೇಟಿನಲ್ಲಿ ನನ್ನ ರೂಟರಿಗೆ ಹೊಂದುವ ತೂತುಗಳಿಲ್ಲ. ನಾನೇ ಕೊರೆಯಬಹುದೇ?

ಉತ್ತರ: ಕೊರೆಯಬಹುದು. ರೂಟರಿನ ತಳದ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿ, ಅದನ್ನೇ ಅಚ್ಚಾಗಿ ಬಳಸಿ. ಪ್ಲೇಟಿನ ಮೇಲ್ಮುಖದಲ್ಲಿ ನಡುವಿನ ತೂತಿಗೆ ಸರಿಹೊಂದಿಸಿ, ಸ್ಕ್ರೂವಿನ ತಲೆ ಕೂರುವ ಮುಖ ಮೇಲೆ ಬರುವಂತೆ ಅಂಟಿಸಿ. ಮಗುಚಿ ಇಟ್ಟರೆ ತೂತುಗಳು ಕನ್ನಡಿಯಲ್ಲಿ ಕಂಡಂತೆ ಅದಲು ಬದಲಾಗಿ, ಕೆಲವು ರೂಟರುಗಳಿಗೆ ಹೊಂದುವುದೇ ಇಲ್ಲ. ಗುಂಡಿ, ಸ್ವಿಚ್ ನಿಮ್ಮ ಕಡೆಗೆ ಬರುವಂತೆ ತಿರುಗಿಸಿಕೊಳ್ಳುವುದನ್ನು ಈಗಲೇ ಮಾಡಬೇಕು. ತೂತು ಕೊರೆದ ಮೇಲೆ ಸ್ಕ್ರೂವಿನ ತಲೆ ಪ್ಲೇಟಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಳಿಯುವಂತೆ ಬಾಯಿ ಅಗಲಿಸಿ. ಹಳೆಯ ಸ್ಕ್ರೂ ರೂಟರಿನೊಳಗೆ ಎಷ್ಟು ಇಳಿಯುತ್ತಿತ್ತೋ ಅಷ್ಟಕ್ಕೆ ಪ್ಲೇಟಿನ ದಪ್ಪ ಸೇರಿಸಿದರೆ ಹೊಸ ಸ್ಕ್ರೂವಿನ ಉದ್ದ ಸಿಗುತ್ತದೆ. ಸ್ಕ್ರೂವಿನ ಎಳೆಯ (ಥ್ರೆಡ್ಡಿನ) ಅಳತೆ ಹಳೆಯದರದ್ದೇ ಇರಲಿ.

ಮೊದಲ ಬಾರಿ ಚಾಲೂ ಮಾಡುವಾಗ ಎರಡು ವಿಷಯ ನೆನಪಿರಲಿ. ರೂಟರ್ ತಲೆಕೆಳಗಾದ ಕೂಡಲೇ ಬಿಟ್ ತಿರುಗುವ ದಿಕ್ಕೂ ನಿಮ್ಮ ಕಣ್ಣಿಗೆ ತಿರುವುಮುರುವಾಗುತ್ತದೆ. ಬಿಟ್ಟಿನ ಹಿಂದೆ ಫೆನ್ಸ್ (ಮರ ಒರಗಿಕೊಂಡು ಸಾಗುವ ನೇರ ಪಟ್ಟಿ) ಇಟ್ಟು ಮರವನ್ನು ಬಲದಿಂದ ಎಡಕ್ಕೆ ತಳ್ಳಿ. ಬಿಟ್ಟಿಗೂ ಫೆನ್ಸಿಗೂ ನಡುವೆ ಮರವನ್ನು ಎಂದೂ ತೂರಿಸಬೇಡಿ, ಬಿಟ್ ಅದನ್ನು ಕೈಯಿಂದ ಕಿತ್ತು ಎಸೆಯುತ್ತದೆ. ಎರಡನೆಯದು ವೇಗ. 50 ಮಿ.ಮೀ. ವ್ಯಾಸದ ಬಿಟ್ ನಿಮಿಷಕ್ಕೆ 24,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 226 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬಿಟ್ಟಿನ ಮೇಲೆ ಗರಿಷ್ಠ ವೇಗ ಬರೆದಿರುತ್ತಾರೆ, ಅದನ್ನು ಮೀರಬೇಡಿ. ಬರೆದಿಲ್ಲದಿದ್ದರೆ 50 ಮಿ.ಮೀ. ಬಿಟ್ಟಿಗೆ 16,000ಕ್ಕಿಂತ ಮೇಲೆ ಹೋಗಬೇಡಿ. ಬಿಟ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ.