ಬಾಯ್ಸಿಯ ಚಳಿಗಾಲ ಮತ್ತು ಅದನ್ನು ಕಾಯುವ ಜನ

ನಮಸ್ಕಾರ. ಆಗಸ್ಟ್‌ನಲ್ಲಿ ಅಮೆರಿಕದ ಇಡಾಹೊ ರಾಜ್ಯದ ಬಾಯ್ಸಿಗೆ ಬಂದಿದ್ದೀರಿ, ಮನೆಯವರೂ ಎರಡನೇ ಕ್ಲಾಸಿನ ಮಗಳೂ ಜೊತೆಗಿದ್ದಾರೆ. ಇಲ್ಲಿನ ಚಳಿಗಾಲದ ಬಗ್ಗೆ ಎಲ್ಲರೂ ಹೆದರಿಸುತ್ತಿದ್ದಾರೆ ಅಂತ ಬರೆದಿದ್ದೀರಿ. ಆಫೀಸಿನವರೊಬ್ಬರು ಸ್ನೋಶೂ ನಡಿಗೆಗೆ, ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಅಗಲವಾದ ಹಲಗೆಯಂಥದ್ದು ಕಟ್ಟಿಕೊಂಡು ನಡೆಯಲು, ಕರೆದಿದ್ದಾರೆ. ಕಾಡಿನಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ವಾಹನ) ಎಲ್ಲಿ ಓಡಬೇಕು, ಎಲ್ಲಿ ಬೇಡ ಎಂಬ ಸಭೆಗೂ ಬನ್ನಿ ಅಂದಿದ್ದಾರೆ. "ವೀಸಾದ ಮೇಲೆ ಬಂದಿರುವ ನಮಗೆ ಇದೆಲ್ಲ ಬೇಕಾ?" ಅನ್ನೋದು ನಿಮ್ಮ ಪ್ರಶ್ನೆ.

ಎರಡಕ್ಕೂ ಹೋಗಿ. ಮೊದಲು ನಡಿಗೆಗೆ, ಆಮೇಲೆ ಸಭೆಗೆ.

ಡಿಸೆಂಬರ್, ಜನವರಿಯಲ್ಲಿ ಈ ಕಣಿವೆಯಲ್ಲಿ ತಣ್ಣನೆ ಗಾಳಿ ಸಿಕ್ಕಿಹಾಕಿಕೊಂಡು ದಿನಗಟ್ಟಲೆ ಬೂದು ಮಂಜು ಕವಿದಿರುತ್ತದೆ. ನಮ್ಮವರು ಬಹಳ ಜನ ಹೀಟರ್ ಹಾಕಿಕೊಂಡು ಮನೆಯೊಳಗೇ ಕೂತುಬಿಡುತ್ತಾರೆ. ಫೆಬ್ರವರಿ ಹೊತ್ತಿಗೆ ಮನಸ್ಸು ಕುಗ್ಗಿಹೋಗುತ್ತದೆ. ಅಂಥ ದಿನವೇ ಬೋಗಸ್ ಬೇಸಿನ್ ಕಡೆ ಕಾರು ತಿರುಗಿಸಿ. ಊರಿನಿಂದ ಸುಮಾರು 16 ಮೈಲಿ, ಪೂರ್ತಿ ಘಟ್ಟದ ರಸ್ತೆ. ಎಷ್ಟೋ ಸಲ ಅರ್ಧ ದಾರಿ ಹತ್ತುವಷ್ಟರಲ್ಲಿ ಮಂಜು ಕೆಳಗೆ ಉಳಿದು, ಮೇಲೆ ಕಣ್ಣು ಕುಕ್ಕುವಂಥ ಬಿಸಿಲಿರುತ್ತದೆ. 1942ರಿಂದ ಇರುವ ಈ ಸ್ಕೀ ಜಾಗ ಯಾವ ಕಂಪನಿಯ ಲಾಭಕ್ಕೂ ನಡೆಯುತ್ತಿಲ್ಲ.

ಮಗಳಿಗೆ ಅಲ್ಲೇ ಸ್ನೋಸ್ಕೂಲ್ ಇದೆ. ನಡೆಸುವವರು ಚಳಿಗಾಲದ ಕಾಡು-ಬೆಟ್ಟಗಳ ರಕ್ಷಣೆಗೆ ದುಡಿಯುವ ವಿಂಟರ್ ವೈಲ್ಡ್‌ಲ್ಯಾಂಡ್ಸ್ ಅಲಯನ್ಸ್. 2000ದಲ್ಲಿ ಹುಟ್ಟಿದ ಈ ಸಂಸ್ಥೆಯ ಮುಖ್ಯ ಕಚೇರಿ ಇರುವುದೂ ನಮ್ಮ ಬಾಯ್ಸಿಯಲ್ಲೇ. ಶಾಲೆಯ ಮಕ್ಕಳನ್ನು ಸ್ನೋಶೂ ಹಾಕಿಸಿ ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ಸಲಿಕೆ ಕೊಟ್ಟು ನೆಲ ಸಿಗುವವರೆಗೆ ಹಿಮ ಅಗೆಸುತ್ತಾರೆ. ಗುಂಡಿಯ ಗೋಡೆಯಲ್ಲಿ ಒಂದೊಂದು ಬಿರುಗಾಳಿ ತಂದ ಹಿಮವೂ ಒಂದೊಂದು ಪದರವಾಗಿ ಕಾಣುತ್ತದೆ. ಬೆರಳಿಂದ ಒತ್ತಿದರೆ ಒಂದು ಪದರ ಮೆತ್ತಗೆ, ಅದರ ಕೆಳಗಿನದು ಗಟ್ಟಿ. ತಳದಲ್ಲಿ ಕೆಲವು ಸಲ ಒಂದಕ್ಕೊಂದು ಅಂಟದ ಹರಳುಗಳಿರುತ್ತವೆ, ಅಂಗೈಯಲ್ಲಿ ಹಿಡಿದರೆ ಸಕ್ಕರೆಯಂತೆ ಜಾರಿಹೋಗುತ್ತವೆ. ಇಳಿಜಾರಿನಲ್ಲಿ ಈ ಸಡಿಲ ಪದರದ ಮೇಲೆ ಭಾರ ಬಿದ್ದಾಗ ಹಿಮಕುಸಿತ ಆಗಬಹುದು.

ಆಮೇಲೆ ಹಿಮದಲ್ಲಿ ನೀರೆಷ್ಟಿದೆ ಅಂತ ಲೆಕ್ಕ ಹಾಕುತ್ತಾರೆ. ಹೊಸದಾಗಿ ಬಿದ್ದ 10 ಅಂಗುಲ ಹಿಮ ಕರಗಿಸಿದರೆ ಹೆಚ್ಚುಕಡಿಮೆ ಒಂದು ಅಂಗುಲ ನೀರು. ಬಾಯ್ಸಿ ನದಿಯ ಆ್ಯಂಡರ್ಸನ್ ರಾಂಚ್, ಆರೋರಾಕ್, ಲಕ್ಕಿ ಪೀಕ್ ಜಲಾಶಯಗಳು ತುಂಬುವುದು ಮುಖ್ಯವಾಗಿ ಈ ಹಿಮದಿಂದಲೇ. ನೀವು ದಿನಾ ಕಾರಿನಲ್ಲಿ ದಾಟುವ ಕಾಲುವೆಗಳಿಗೆ, ಈರುಳ್ಳಿ ಹೊಲಗಳಿಗೆ ಬೇಸಿಗೆಯಲ್ಲಿ ನೀರು ಬರುವುದೂ ಅಲ್ಲಿಂದ. ಇದನ್ನು ಎರಡನೇ ಕ್ಲಾಸಿನಲ್ಲೇ ಕೈಯಾರೆ ಅಳೆದ ಮಗುವಿಗೆ ಗುಡ್ಡ ಬರೀ ಫೋಟೋ ತೆಗೆಯುವ ಜಾಗ ಅನ್ನಿಸೋದಿಲ್ಲ.

ಈಗ ಸಭೆಯ ವಿಷಯ. ಇಡಾಹೊದ ನೆಲದಲ್ಲಿ ಶೇಕಡ 60ಕ್ಕೂ ಜಾಸ್ತಿ ಕೇಂದ್ರ ಸರ್ಕಾರದ್ದು, ಅಂದರೆ ಎಲ್ಲರದ್ದು. ಅಲ್ಲಿ ನಡೆಯುವವರು, ಸ್ಕೀ ಮಾಡುವವರು, ಸ್ನೋಮೊಬೈಲ್ ಓಡಿಸುವವರು, ಪ್ರಾಣಿಗಳು, ಎಲ್ಲರೂ ಇದ್ದಾರೆ. ವಾಹನದಿಂದ ಮಣ್ಣಿಗೆ, ನೀರಿಗೆ, ಪ್ರಾಣಿಗಳಿಗೆ, ಉಳಿದ ಜನರಿಗೆ ಆಗುವ ತೊಂದರೆ ಆದಷ್ಟು ಕಡಿಮೆಯಾಗುವಂತೆ ಜಾಗ ಗುರುತಿಸಬೇಕು ಅಂತ 1972ರಲ್ಲೇ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಿದ್ದರು. ಆದರೆ ಅರಣ್ಯ ಇಲಾಖೆ 2005ರಲ್ಲಿ ಮಾಡಿದ ನಿಯಮ ಜೀಪು, ಬೈಕುಗಳಿಗೆ ಮಾತ್ರ ಕಡ್ಡಾಯವಾಯಿತು. ಸ್ನೋಮೊಬೈಲ್ ವಿಷಯವನ್ನು ಆಯಾ ಕಾಡಿನ ಅಧಿಕಾರಿಗಳ ಇಷ್ಟಕ್ಕೆ ಬಿಟ್ಟಿತು. ವಿಂಟರ್ ವೈಲ್ಡ್‌ಲ್ಯಾಂಡ್ಸ್‌ನವರು ಕೋರ್ಟಿಗೆ ಹೋದರು. 2013ರಲ್ಲಿ ಇಡಾಹೊದ ಫೆಡರಲ್ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 2015ರಲ್ಲಿ ಹೊಸ ನಿಯಮ ಬಂತು: ಸಾಕಷ್ಟು ಹಿಮ ಬೀಳುವ ಕಾಡುಗಳಲ್ಲಿ ಸ್ನೋಮೊಬೈಲ್ ಎಲ್ಲಿ ಓಡಬಹುದು ಅಂತ ನಕ್ಷೆಯಲ್ಲಿ ಗುರುತು ಮಾಡಲೇಬೇಕು, ಗುರುತಿಲ್ಲದ ಕಡೆ ಓಡಿಸುವಂತಿಲ್ಲ. ಕೇಳಲು ಸುಲಭ. ಒಂದೊಂದು ಕಾಡಿನ ನಕ್ಷೆಗೂ ವರ್ಷಗಟ್ಟಲೆ ಹಿಡಿಯುತ್ತಿದೆ, ಇನ್ನೂ ಎಷ್ಟೋ ಕಡೆ ಕೆಲಸ ಬಾಕಿ ಇದೆ. ನಿಮ್ಮನ್ನು ಕರೆದಿರುವುದು ಇಂಥ ಸಭೆಗೇ.

ನಮ್ಮಲ್ಲಿ ಬಂಡೀಪುರದ ರಾತ್ರಿ ಸಂಚಾರ ನಿಷೇಧ ನಿಮಗೆ ಗೊತ್ತೇ ಇದೆ. 2009ರಲ್ಲಿ ಬಂತು, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ. ತೆಗೆಯಿರಿ ಎಂಬ ಒತ್ತಡ ಆಗಾಗ ಏಳುತ್ತಲೇ ಇರುತ್ತದೆ. ಪ್ರತಿ ಸಲವೂ ಯಾರೋ ಎದ್ದು ಬಂದು ಬೇಡ ಅಂದಿದ್ದಕ್ಕೇ ಅದು ಉಳಿದಿದೆ. ಇಲ್ಲೂ ಅಷ್ಟೇ. ಒಮ್ಮೆ ಗೆದ್ದರೆ ಮುಗಿಯಿತು ಅನ್ನುವಂತಿಲ್ಲ.

ಒಂದು ಮಾತು ಮಾತ್ರ ನೆನಪಿಡಿ. ಸ್ನೋಮೊಬೈಲ್‌ನವರು ಕೆಟ್ಟವರು, ನಡೆಯುವವರು ಒಳ್ಳೆಯವರು ಅಂದುಕೊಂಡು ಹೋಗಬೇಡಿ. ವಾಲ್ವರಿನ್ ಅಂತ ಒಂದು ಪ್ರಾಣಿ ಇದೆ. ನೀರುನಾಯಿಯ ಕುಟುಂಬದ್ದು, ನೋಡಲು ಚಿಕ್ಕ ಕರಡಿಯ ಹಾಗೆ. ಹೆಣ್ಣು ಆಳವಾದ ಹಿಮದಲ್ಲಿ ಬಿಲ ತೋಡಿ ಫೆಬ್ರವರಿ, ಮಾರ್ಚ್‌ನಲ್ಲಿ ಮರಿ ಹಾಕುತ್ತದೆ. ಇಡಾಹೊ, ವಯೋಮಿಂಗ್, ಮೊಂಟಾನಾದ ಬೆಟ್ಟಗಳಲ್ಲಿ ಹಲವು ಚಳಿಗಾಲ ವಾಲ್ವರಿನ್‌ಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಅಧ್ಯಯನ ಮಾಡಿದರು. ಅದೇ ಬೆಟ್ಟಕ್ಕೆ ಬರುವ ಸ್ಕೀಯರ್‌ಗಳ ಕೈಗೂ ಸ್ನೋಮೊಬೈಲ್‌ನವರ ಕೈಗೂ ಒಂದೊಂದು ಜಿಪಿಎಸ್ ಕೊಟ್ಟರು. ಸಾವಿರಾರು ಜಾಡು ಸಿಕ್ಕವು. 2019ರಲ್ಲಿ ಫಲಿತಾಂಶ ಬಂತು. ವಾಹನ ಓಡುವ ಜಾಗದಿಂದ ಮಾತ್ರವಲ್ಲ, ಸದ್ದಿಲ್ಲದೆ ಸ್ಕೀ ಮಾಡುವವರ ಜಾಗದಿಂದಲೂ ವಾಲ್ವರಿನ್ ದೂರ ಸರಿಯುತ್ತದೆ. ವಾಹನದ ಪರಿಣಾಮ ಜಾಸ್ತಿ, ಹೆಣ್ಣುಗಳ ಮೇಲೆ ಇನ್ನೂ ಜಾಸ್ತಿ. 2023ರಲ್ಲಿ ವಾಲ್ವರಿನ್ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿತು. ಸ್ವಂತ ಜಾಡು ಹಂಚಿಕೊಂಡು, ತಮಗೇ ಇಷ್ಟವಾಗದ ಉತ್ತರ ಬಂದರೂ ಒಪ್ಪಿಕೊಂಡವರ ಮೇಲೆ ನನಗೆ ತುಂಬಾ ಗೌರವ. ಕೆಲವು ಇಳಿಜಾರು ಎಷ್ಟೇ ಚೆನ್ನಾಗಿದ್ದರೂ ಆ ತಿಂಗಳುಗಳಲ್ಲಿ ಬಿಟ್ಟುಕೊಡಬೇಕು, ಅಲ್ವಾ?

ಮತ್ತೆ, 2025ರ ಜೂನ್‌ನಲ್ಲಿ ಸಾರ್ವಜನಿಕ ನೆಲ ಮಾರುವ ಪ್ರಸ್ತಾಪ ಸೆನೆಟ್‌ನಲ್ಲಿ ಬಂದಾಗ ಬೇಟೆಗಾರರು, ಸ್ಕೀಯರ್‌ಗಳು, ಮೀನು ಹಿಡಿಯುವವರು ಒಟ್ಟಿಗೇ ಬೇಡ ಅಂದರು. ಇಡಾಹೊದ ಸೆನೆಟರ್‌ಗಳೂ ವಿರೋಧಿಸಿದರು. ತಿಂಗಳು ಮುಗಿಯುವ ಮೊದಲೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಹಾಗಾಗಿ ಸಭೆಯಲ್ಲಿ ಎದುರು ಕೂತವರ ಜೊತೆ ಒಂದು ಕಾಫಿ ಕುಡಿದು ಬನ್ನಿ.

ಇನ್ನು ವೀಸಾ. ವೋಟು ಹಾಕುವ ಹಕ್ಕು ನಿಮಗಿಲ್ಲ, ನಿಜ. ಆದರೆ ಅರಣ್ಯ ಇಲಾಖೆ ಯೋಜನೆಯ ಕರಡು ಮುಂದಿಟ್ಟು ಅಭಿಪ್ರಾಯ ಕೇಳಿದಾಗ ಯಾರು ಬೇಕಾದರೂ ಬರೆಯಬಹುದು, ಪೌರತ್ವ ಕೇಳುವುದಿಲ್ಲ. ಬರೆಯುವಾಗ "ಕಾಡು ಉಳಿಸಿ" ಅಂತ ಸುಮ್ನೆ ಬರೆದರೆ ಉಪಯೋಗ ಕಡಿಮೆ. ಇಂಥ ಪಾರ್ಕಿಂಗ್‌ನಿಂದ ಇಂಥ ದಿಬ್ಬದವರೆಗೆ ಮಗಳ ಜೊತೆ ನಡೆಯುತ್ತೇನೆ, ಇಂಥ ತಿರುವಿನಲ್ಲಿ ಸ್ನೋಮೊಬೈಲ್ ಜಾಡು ಅಡ್ಡ ಬರುತ್ತದೆ, ಅದನ್ನು ಪಕ್ಕದ ರಸ್ತೆಗೆ ಸರಿಸಿದರೆ ಇಬ್ಬರಿಗೂ ಅನುಕೂಲ. ಹೀಗೆ ಬರೆದ ಪತ್ರವನ್ನು ಅವರು ಪರಿಗಣಿಸಬೇಕಾಗುತ್ತದೆ. ಕೊನೆಯ ನಿರ್ಧಾರಕ್ಕೆ ಮುಂಚೆ ಆಕ್ಷೇಪಣೆ ಸಲ್ಲಿಸುವ ಅವಕಾಶವೂ ಸಾಮಾನ್ಯವಾಗಿ ಮೊದಲೇ ಬರೆದವರಿಗೇ. ನಡಿಗೆ ಮೊದಲು ಅಂದಿದ್ದು ಇದಕ್ಕೇ. ಜಾಗ ನೋಡದೆ ಇಂಥ ಪತ್ರ ಬರೆಯಲು ಆಗೋದಿಲ್ಲ.

ಹೊರಡುವ ಮುಂಚೆ ಎರಡು ಮಾತು. ಹತ್ತಿ ಬಟ್ಟೆ, ಜೀನ್ಸ್ ಬೇಡ, ಒದ್ದೆಯಾದರೆ ಮೈ ಕೊರೆಯುತ್ತದೆ. ಉಣ್ಣೆಯ ಕಾಲುಚೀಲ ಹಾಕಿ. 30 ಡಿಗ್ರಿಗಿಂತ ಕಡಿದಾದ ಇಳಿಜಾರಿನ ಮೇಲೂ ಬೇಡ, ಅದರ ಬುಡದಲ್ಲೂ ಬೇಡ. ಮುಂದೆ ದೂರದ ಬೆಟ್ಟಗಳ ಆಸೆ ಬಂದರೆ ಹಿಮಕುಸಿತದ ತರಬೇತಿ ಮುಗಿಸಿ ಹೋಗಿ. ಮೆಕಾಲ್ ಕಡೆಗೆ ಪಯೆಟ್ ಕೇಂದ್ರ, ಕೆಚಮ್ ಕಡೆಗೆ ಸಾಟೂತ್ ಕೇಂದ್ರ ಹಿಮಕುಸಿತದ ಮುನ್ಸೂಚನೆ ಕೊಡುತ್ತವೆ. ಹೊರಡುವ ಬೆಳಗ್ಗೆ ಓದಿಯೇ ಹೊರಡಿ.

ಮೊದಲ ಸಲ ನಮ್ಮ ಜೊತೆಗೇ ಬನ್ನಿ. ಇಡಾಹೊ ಸಿಟಿ ದಾಟಿ ಹೆದ್ದಾರಿ 21ರಲ್ಲಿ ಸ್ಕೀ ಮಾಡುವವರಿಗೆ, ನಡೆಯುವವರಿಗೆ ಅಂತಲೇ ಇಟ್ಟಿರುವ ಜಾಡುಗಳಿವೆ. ಪಾರ್ಕಿಂಗ್ ಪಾಸ್ ನಾನು ತರುತ್ತೇನೆ. ಸ್ನೋಶೂ ಆರಿಸುವುದು ತೂಕ ನೋಡಿ, ಬ್ಯಾಗು ಸೇರಿಸಿ. ನಿಮ್ಮ ಮೂವರ ತೂಕ ತಿಳಿಸಿ, ಬಾಡಿಗೆಗೆ ಮೊದಲೇ ಹೇಳಿಡುತ್ತೇನೆ.