ಪ್ರತಿಕ್ರಿಯೆ: 292ನೇ ಕಲಂ ಎಲ್ಲಿಂದ ಬಂತು?

ಅಶ್ಲೀಲ ಪುಸ್ತಕ, ಚಿತ್ರಗಳ ಮಾರಾಟವನ್ನು ಅಪರಾಧವೆನ್ನುತ್ತಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) 292 ಬ್ರಿಟಿಷರದ್ದೋ, ಜಿನೀವಾ ಒಪ್ಪಂದದ್ದೋ ಎಂದು ಕೇಳಿದ್ದೀರಿ ಸರ್. ಎರಡೂ ಹೌದು. ಕಲಂ 1860ರ ಸಂಹಿತೆಯಲ್ಲೇ ಇತ್ತು. ಅಶ್ಲೀಲ ಪ್ರಕಟಣೆಗಳ ಹಂಚಿಕೆ, ವ್ಯಾಪಾರ ತಡೆಯಲು ದೇಶಗಳು ಮಾಡಿಕೊಂಡ 1923ರ ಜಿನೀವಾ ಒಪ್ಪಂದಕ್ಕೆ ಭಾರತವೂ ಸೇರಿದ್ದರಿಂದ 1925ರಲ್ಲಿ ಅದನ್ನು ಹೊಸದಾಗಿ ಬರೆದರು. ಒಪ್ಪಂದವನ್ನೂ ಹೊಸ ಕಲಮನ್ನೂ ಪಕ್ಕಪಕ್ಕ ಇಟ್ಟು ಓದಿ: ಮಾರಲೆಂದು ಇಟ್ಟುಕೊಳ್ಳುವುದು, ಆಮದು, ರಫ್ತು, ಇಂಥವರ ಬಳಿ ಸಿಗುತ್ತದೆಂದು ಜಾಹೀರಾತು ಕೊಡುವುದು, ಎಲ್ಲವೂ ಅಲ್ಲೂ ಇವೆ, ಇಲ್ಲೂ ಇವೆ.

ಆದರೆ ಅಶ್ಲೀಲ ಯಾವುದು ಎಂದು ಒಪ್ಪಂದ ಹೇಳಲೇ ಇಲ್ಲ. ನನಗೆ ಇದೇ ದೊಡ್ಡ ಕೊರತೆ ಅನಿಸುತ್ತದೆ. ಅದಕ್ಕೇ 1964ರಲ್ಲಿ ಮುಂಬಯಿಯ ಪುಸ್ತಕದಂಗಡಿಯವರೊಬ್ಬರ ಶಿಕ್ಷೆಯನ್ನು ಎತ್ತಿಹಿಡಿಯುವಾಗ ನಮ್ಮ ಸುಪ್ರೀಂ ಕೋರ್ಟು 1868ರ ಇಂಗ್ಲೆಂಡಿನ ಹಿಕ್ಲಿನ್ ಮಾನದಂಡವನ್ನೇ (ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವವರ ಮನಸ್ಸನ್ನು ಕೆಡಿಸುವಂಥದ್ದು ಅಶ್ಲೀಲ ಎಂಬುದನ್ನು) ಆಧರಿಸಬೇಕಾಯಿತು. ಓದುಗರಿಗೂ ಲೇಖಕರಿಗೂ ಆದ ಅನ್ಯಾಯ ಅದು. ಅಂದಹಾಗೆ, 2024ರ ಜುಲೈ 1ರಿಂದ ನೀವು ನೋಡಬೇಕಾದ್ದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ.